ನಿಂತ ಹಡಗಿನ ಹೊಗೆ

ಕಳೆದ ದಸರಾ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಪಣಂಬೂರಿನ ಕಡಲದಂಡೆಗೆ ಹೋಗಿದ್ದೆ. ನವಮಂಗಳೂರು ಬಂದರಿನ ಅಲೆತಡೆಯ ಆಚೆ ಹಡಗೊಂದು ಧಕ್ಕೆಗೆ ಕಟ್ಟಿಕೊಂಡು ನಿಂತಿತ್ತು. ಅದರ ಹೊಗೆಗೊಳವೆಯಿಂದ ತೆಳುವಾದ ಕಂದು ಹೊಗೆ ಏಳುತ್ತಿತ್ತು. "ಹಡಗು ನಿಂತಿದೆಯಲ್ಲ ಅಜ್ಜ, ಮತ್ತೆ ಹೊಗೆ ಯಾಕೆ?" ಎಂದು ಹುಡುಗ ಕೇಳಿದ. ನಾನು ಆಗ ಕೊಟ್ಟ ಉತ್ತರ ಅವನಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಅವನ ಪ್ರಶ್ನೆಯನ್ನೇ ಈಗ ದೊಡ್ಡವರ ಮುಂದೆ ಇಡುತ್ತಿದ್ದೇನೆ.

ಧಕ್ಕೆಗೆ ಬಂದ ಹಡಗು ನಡೆಯುವುದನ್ನು ನಿಲ್ಲಿಸುತ್ತದೆಯೇ ಹೊರತು ಬದುಕುವುದನ್ನು ನಿಲ್ಲಿಸುವುದಿಲ್ಲ. ದೀಪ ಉರಿಯಬೇಕು, ನಾವಿಕರ ಅಡಿಗೆ ಬೇಯಬೇಕು, ಪಂಪುಗಳು ತಿರುಗಬೇಕು. ಇದಕ್ಕೆಲ್ಲ ಬೇಕಾದ ವಿದ್ಯುತ್ತನ್ನು ಹಡಗಿನೊಳಗಿನ ಸಹಾಯಕ ಎಂಜಿನುಗಳು ಹಗಲೂ ರಾತ್ರಿ ಎಣ್ಣೆ ಸುಟ್ಟು ಹುಟ್ಟಿಸುತ್ತವೆ. ಆ ಎಣ್ಣೆ ಎಂಥದು? 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ನೂರಕ್ಕೆ ಅರ್ಧ ಭಾಗವನ್ನು ಮೀರಕೂಡದೆಂಬ ಅಂತರರಾಷ್ಟ್ರೀಯ ನಿಯಮ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಮೂರೂವರೆ ಭಾಗದವರೆಗೆ ಅವಕಾಶವಿತ್ತು. ಸುಧಾರಣೆಯೇ ಸರಿ. ಆದರೆ ನಮ್ಮ ಲಾರಿ, ಬಸ್ಸುಗಳಿಗೆ ಅದೇ 2020ರಿಂದ ದೇಶವೆಲ್ಲ ಮಾರುತ್ತಿರುವ ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಹಡಗಿನ ಎಣ್ಣೆಗೆ ಅದು ಹತ್ತು ಲಕ್ಷಕ್ಕೆ 5,000. ರಸ್ತೆಯ ಮೇಲೆ ನಿಷಿದ್ಧವಾದದ್ದು ರಸ್ತೆಯಿಂದ ಕೂಗಳತೆಯ ದೂರದ ಧಕ್ಕೆಯಲ್ಲಿ ಐನೂರು ಪಾಲು ಶಾಸ್ತ್ರಸಮ್ಮತ!

ಪರಿಹಾರವೇನೂ ಬ್ರಹ್ಮವಿದ್ಯೆಯಲ್ಲ. ದಡದಿಂದ ದಪ್ಪ ತಂತಿಯೊಂದನ್ನು ಎಳೆದು ಹಡಗಿಗೆ ವಿದ್ಯುತ್ತು ಕೊಟ್ಟರೆ ಈ ಎಂಜಿನುಗಳನ್ನು ಆರಿಸಬಹುದು. ತೊಡಕಿರುವುದು ಖರ್ಚಿನಲ್ಲಿ. ನಮ್ಮ ನಾಡಿನ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50; ದೊಡ್ಡ ಹಡಗುಗಳಲ್ಲಿ ಬಹುಪಾಲಿನವು 60ರವು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಯಂತ್ರ ದುಬಾರಿಯದು. ಹೀಗಾಗಿ ಹಡಗಿನ ಯಜಮಾನ "ದಡದಲ್ಲಿ ಪ್ಲಗ್ಗೇ ಇಲ್ಲ, ನಾನೇಕೆ ತಂತಿ ಹೊರಲಿ?" ಎನ್ನುತ್ತಾನೆ. ಬಂದರಿನವರು "ತಂತಿ ತರುವ ಹಡಗೇ ಇಲ್ಲ, ನಾವೇಕೆ ಪ್ಲಗ್ಗು ಹಾಕಲಿ?" ಎನ್ನುತ್ತಾರೆ. ನೀ ಮೊದಲು, ನಾ ಮೊದಲು ಎಂಬ ಈ ಉಪಚಾರ ಮುಗಿಯುವ ತನಕ ಹೊಗೆ ನಿಲ್ಲುವುದಿಲ್ಲ. ಈ ಗಂಟನ್ನು ಬಿಡಿಸಬಲ್ಲದ್ದು ಸಾರ್ವಜನಿಕರ ಹಣವೊಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಇಬ್ಬರು ಸಿಡಿಮಿಡಿಗೊಳ್ಳುತ್ತಾರೆಂದು ಬಲ್ಲೆ. ಒಬ್ಬರು, "ಹೊಟ್ಟೆಗೆ ಹಿಟ್ಟಿಲ್ಲದ ದೇಶಕ್ಕೆ ಜುಟ್ಟಿಗೆ ಮಲ್ಲಿಗೆ ಹೂವೇ?" ಎನ್ನುವವರು. ಶ್ವಾಸಕೋಶ ಜುಟ್ಟಲ್ಲ ಎಂದಷ್ಟೇ ಅವರಿಗೆ ಅರಿಕೆ. ಇನ್ನೊಬ್ಬರು, "ಹೊಗೆ ಬಿಟ್ಟವನೇ ದಂಡ ತೆರಲಿ" ಎನ್ನುವ ನ್ಯಾಯವಾದಿಗಳು. ಅವರ ಮಾತು ಅರ್ಧ ಸರಿ. ಹಡಗಿನೊಳಗಿನ ವೆಚ್ಚವನ್ನೂ ವಿದ್ಯುತ್ತಿನ ಬೆಲೆಯನ್ನೂ ಹಡಗಿನವನೇ ಕೊಡಬೇಕು. ಆದರೆ ಧಕ್ಕೆ ಸಾರ್ವಜನಿಕರದು. ಅಲ್ಲಿ ಕಲ್ಲು ಕಟ್ಟಿದ್ದು, ಹೂಳು ತೆಗೆದದ್ದು ಸಾರ್ವಜನಿಕ ಹಣದಿಂದಲ್ಲವೇ? ಪ್ಲಗ್ಗಿಗೆ ಬಂದಾಗ ಮಾತ್ರ ನಮಗೆ ಮಿತವ್ಯಯದ ನೆನಪಾಗುವುದು ವಿಚಿತ್ರ.

ಹಾಗಾದರೆ ಬೊಕ್ಕಸದ ಬಾಯಿ ತೆರೆದರೆ ಸಾಕೇ? ಸಾಲದು. ನನ್ನ ಜಗಳವಿರುವುದು ಇಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯದ ಉದಾಹರಣೆ ನೋಡಿ. ಲಾಸ್ ಏಂಜಲಿಸ್ ಬಂದರಿನಲ್ಲಿ ಸರಕು ಹಡಗಿಗೆ ದಡದ ವಿದ್ಯುತ್ತು ಹರಿದದ್ದು 2004ರಲ್ಲಿ. ಅದೂ ನೆರೆಹೊರೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿ ರಾಜಿ ಮಾಡಿಸಿಕೊಂಡ ಬಳಿಕ. 2006ರಲ್ಲಿ ಅಲ್ಲಿನ ಮತದಾರರು ಒಪ್ಪಿದ ಸಾಲಪತ್ರದಲ್ಲಿ ಸರಕು ಸಾಗಣೆಯ ಹೊಗೆ ತಗ್ಗಿಸಲೆಂದೇ 100 ಕೋಟಿ ಡಾಲರು ಮೀಸಲಾಯಿತು. ಮರುವರ್ಷವೇ ನಿಯಮವೂ ಬಂತು: ಕಂಟೇನರ್ ಮತ್ತು ಪ್ರಯಾಣಿಕರ ಹಡಗುಗಳ ಕಂಪನಿಗಳು 2014ರ ಹೊತ್ತಿಗೆ ಧಕ್ಕೆಯ ಹೊಗೆಯನ್ನು ಅರ್ಧಕ್ಕೆ, 2020ರ ಹೊತ್ತಿಗೆ ನೂರಕ್ಕೆ 80ರಷ್ಟು ಇಳಿಸಬೇಕು. ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಬೆತ್ತ. ಕೆಲಸ ನಡೆದದ್ದು ಎರಡೂ ಇದ್ದುದರಿಂದ.

ನಮ್ಮಲ್ಲಿ? 2023ರಲ್ಲಿ ಕೇಂದ್ರದ ಬಂದರು ಸಚಿವಾಲಯ "ಹರಿತ್ ಸಾಗರ್" ಎಂಬ ಮಾರ್ಗಸೂಚಿ ಹೊರಡಿಸಿತು. ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಯ 19,744 ಕೋಟಿ ರೂಪಾಯಿಗಳಲ್ಲಿ ಹಡಗುಗಳ ಪ್ರಯೋಗಗಳಿಗೆಂದು 115 ಕೋಟಿ ಗೊತ್ತುಮಾಡಿದರು. 2024ರಲ್ಲಿ ಹಸಿರು ಟಗ್‌ಗಳ ಯೋಜನೆ ಬಂತು. ಅದರ ಮೊದಲ ಹಂತಕ್ಕೆ ಆರಿಸಿದ ನಾಲ್ಕು ಬಂದರುಗಳಲ್ಲಿ ನವಮಂಗಳೂರಿನ ಹೆಸರಿಲ್ಲ. ಇರಲಿ, ಸರದಿ ಬಂದೀತು. ನನ್ನ ಕಣ್ಣಿಗೆ ಚುಚ್ಚಿದ್ದು ಬೇರೆಯೇ. ಮಾರ್ಗಸೂಚಿಯ ಗುರಿ ಹೀಗಿದೆ: *ಟನ್ನು ಸರಕಿಗೆ* ಇಂಗಾಲದ ಹೊಗೆ 2030ಕ್ಕೆ ನೂರಕ್ಕೆ 30, 2047ಕ್ಕೆ ನೂರಕ್ಕೆ 70 ಇಳಿಯಬೇಕು.

ಈ "ಟನ್ನಿಗೆ" ಎಂಬ ಪುಟ್ಟ ಪದವನ್ನು ವಾಚಕರು ದಯವಿಟ್ಟು ಗಮನಿಸಬೇಕು. ಇಂದು ನೂರು ಮೂಟೆಗೆ ನೂರು ಸೇರು ಹೊಗೆಯೆನ್ನಿ. ಮೂಟೆಯ ಲೆಕ್ಕದಲ್ಲಿ ಮೂವತ್ತು ಇಳಿದರೆ ನೂರು ಮೂಟೆಗೆ ಎಪ್ಪತ್ತು ಸೇರು. ಆದರೆ ಮೂಟೆಗಳೇ ಇನ್ನೂರಾದರೆ? ಹೊಗೆ ನೂರನಲವತ್ತು ಸೇರು! ಕಡತದಲ್ಲಿ ಬಂದರು ಉತ್ತೀರ್ಣ. ಬೈಕಂಪಾಡಿಯ ಹೆಂಗಸಿನ ಮೂಗಿಗೆ ಮೊದಲಿಗಿಂತ ಹೆಚ್ಚು ಹೊಗೆ. ನವಮಂಗಳೂರು ಈಗಲೇ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಮೀರಿ ಸರಕು ಸಾಗಿಸುತ್ತಿದೆ. ದೇಶದ ಬಂದರುಗಳು 2047ರೊಳಗೆ ಹಲವು ಪಾಲು ಬೆಳೆಯಬೇಕೆಂಬುದು ಸರ್ಕಾರದ್ದೇ ಸಂಕಲ್ಪ. ಇಂಗಾಲವನ್ನಷ್ಟೇ ಎಣಿಸಿದರೆ ಮಸಿಯೂ ಗಂಧಕವೂ ಲೆಕ್ಕಕ್ಕೇ ಬರುವುದಿಲ್ಲ. ಮನುಷ್ಯ ಟನ್ನಿನ ಲೆಕ್ಕದಲ್ಲಿ ಉಸಿರಾಡುವುದಿಲ್ಲ, ಸ್ವಾಮಿ!

ಇನ್ನೊಂದು ಸೋಜಿಗವುಂಟು. ಇದೇ ಬಂದರಿನಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ರೈಲು ಹತ್ತಿ ಉಡುಪಿ ಜಿಲ್ಲೆಯ ಯಲ್ಲೂರಿನ 1,200 ಮೆಗಾವಾಟ್ ಸ್ಥಾವರಕ್ಕೆ ಹೋಗುತ್ತದೆ. ಅಲ್ಲಿ ಸುಟ್ಟು ಹುಟ್ಟಿಸಿದ ವಿದ್ಯುತ್ತನ್ನೇ ತಂದು ಹಡಗಿಗೆ ಕೊಟ್ಟು "ಹಸಿರು" ಎಂದರೆ, ಪಣಂಬೂರಿನ ಹೊಗೆಯನ್ನು ಯಲ್ಲೂರಿಗೆ ವರ್ಗ ಮಾಡಿದಂತಾಯಿತೇ ಹೊರತು ಮತ್ತೇನಲ್ಲ. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ತಿನ ಕ್ಷೇತ್ರ ಕಟ್ಟಿದ ನಾಡು ಬಂದರಿಗೆ ಬಿಸಿಲಿನ, ಗಾಳಿಯ ವಿದ್ಯುತ್ತನ್ನು ಗೊತ್ತುಮಾಡಿಕೊಡಲಾರದೇ?

ಆದ್ದರಿಂದ ನಾನು ಕೇಳುವುದಿಷ್ಟು. ಹಣ ಕೊಡಿ, ಧಾರಾಳವಾಗಿ ಕೊಡಿ. ಅದರ ಜೊತೆಗೆ ಕರಾರನ್ನೂ ಬರೆಯಿರಿ. ಎಷ್ಟು ತಂತಿ ಹಾಕಿದಿರಿ, ಎಷ್ಟು ಫಲಕ ಕೂರಿಸಿದಿರಿ ಎಂಬುದು ಉದ್ಘಾಟನೆಯ ದಿನದ ಲೆಕ್ಕ. ಧಕ್ಕೆಗೆ ನಿಂತ ಹಡಗುಗಳ ಎಂಜಿನು ಎಷ್ಟು ಗಂಟೆ ಆರಿತ್ತು ಎಂಬುದೇ ನಿಜವಾದ ಲೆಕ್ಕ. ಇಂಥ ದಿನಾಂಕದ ಮೇಲೆ ತಂತಿ ಹಾಕಿಕೊಳ್ಳದ ಹಡಗಿಗೆ ಹೆಚ್ಚಿನ ಶುಲ್ಕವೆಂದು ಈಗಲೇ ಸಾರಿ. ಹೊಗೆಯ ಒಟ್ಟು ಮೊತ್ತ ಹೇಳಿ. ಮಸಿಯನ್ನೂ ಗಂಧಕವನ್ನೂ ಬೇರೆಯಾಗಿ ಹೇಳಿ. ಬೈಕಂಪಾಡಿಯಲ್ಲಿ, ತಣ್ಣೀರುಬಾವಿಯಲ್ಲಿ ಗಾಳಿಯನ್ನಳೆದು, ಬಸ್ಸಿನ ವೇಳಾಪಟ್ಟಿಯಂತೆ ಕನ್ನಡದಲ್ಲಿ ಬರೆದು ತೂಗುಹಾಕಿ.

ಹಡಗು ಬೇಡವೆನ್ನುವ ಮೂರ್ಖ ನಾನಲ್ಲ. ನಮ್ಮ ಮನೆಯ ಒಲೆಯ ಅನಿಲವೂ ಹೊಲದ ಗೊಬ್ಬರವೂ ಅದೇ ಧಕ್ಕೆಯಲ್ಲಿ ಇಳಿದು ಬರುತ್ತವೆ. ಅನುಕೂಲ ಬೆಂಗಳೂರಿನವನಿಗೆ, ಕೆಮ್ಮು ಪಣಂಬೂರಿನವನಿಗೆ ಎಂಬ ಹಂಚಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಮುಂದಿನ ದಸರಾಕ್ಕೂ ಹುಡುಗ ಬರುತ್ತಾನೆ. ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ಆಗ ಅವನಿಗೆ ಟನ್ನಿನ ಲೆಕ್ಕ ಹೇಳುವ ಧೈರ್ಯ ನನಗಿಲ್ಲ.