ಕಾರಿನ ಬಿಸಿನೀರಿಗೆ ಎರಡು ದಾರಿ

ಪೆಟ್ರೋಲ್ ಉರಿದಾಗ ಹೊಮ್ಮುವ ಶಾಖವೆಲ್ಲ ಕಾರನ್ನು ಓಡಿಸಲು ಒದಗುತ್ತದೆಯೆ? ಇಲ್ಲ. ಹಳೆಯ ಕಾರುಗಳಲ್ಲಿ ಅದರ ಮೂರನೆಯ ಒಂದು ಪಾಲೂ ಚಕ್ರಗಳಿಗೆ ತಲುಪುತ್ತಿರಲಿಲ್ಲ. ಉಳಿದುದರಲ್ಲಿ ಒಂದಷ್ಟು ಹೊಗೆಯೊಂದಿಗೆ ಹೊರಹೋಗುತ್ತದೆ. ಇನ್ನೊಂದಷ್ಟು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಇದನ್ನು ಹೊರತೆಗೆಯದಿದ್ದರೆ ಎಂಜಿನ್ ಕೆಟ್ಟು ನಿಲ್ಲುತ್ತದೆ. ಹೀಗೆ ತೆಗೆದ ಶಾಖದಲ್ಲಿ ಸ್ವಲ್ಪವನ್ನು ಚಳಿಯಲ್ಲಿ ಕುಳಿತವರಿಗೆ ಕೊಡುವ ಸಾಧನವೇ ಹೀಟರ್.

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನು ನೋಡೋಣ. ಅದರ ಎಂಜಿನ್ 1798 ಸಿ.ಸಿ.ಯದು. ಮೊದಲ ಮಾದರಿಗೆ ತೆಗೆದಿಡಬಹುದಾದ ಬಟ್ಟೆಯ ಮಾಡು. ಊರು ಚಳಿಯದಾದರೂ ಆರಂಭದಲ್ಲಿ ಹೀಟರ್ ಬೇಕೆಂದವರು ಅದಕ್ಕೆ ಬೇರೆ ಹಣ ತೆರಬೇಕಿತ್ತು!

ಎಂಜಿನ್ನಿನ ಮುಂಭಾಗದ ಪಂಪು ಸಿಲಿಂಡರುಗಳ ಸುತ್ತ ನೀರನ್ನು ತಳ್ಳುತ್ತದೆ. ಕಾದ ನೀರು ಮೇಲಿನ ಕೊಳವೆಯಿಂದ ರೇಡಿಯೇಟರಿಗೆ ಹೋಗಿ, ಗಾಳಿಗೆ ಶಾಖ ಬಿಟ್ಟುಕೊಟ್ಟು, ಕೆಳಗಿನ ಕೊಳವೆಯಿಂದ ಪಂಪಿಗೆ ಮರಳುತ್ತದೆ. ಈ ದಾರಿಯ ಬಾಗಿಲು ಥರ್ಮೊಸ್ಟಾಟ್. ಅದರೊಳಗಿನ ಮೇಣ ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಅಲ್ಲಿಯವರೆಗೆ ರೇಡಿಯೇಟರಿಗೆ ನೀರು ಹರಿಯದ್ದರಿಂದ ಎಂಜಿನ್ ಬೇಗ ಬಿಸಿಯಾಗುತ್ತದೆ.

ಎರಡನೆಯ ದಾರಿ ಹೀಟರಿನದು. ಸಿಲಿಂಡರ್ ಹೆಡ್ಡಿನಿಂದ ಒಂದು ಸಣ್ಣ ಕವಾಟದ ಮೂಲಕ ಬಿಸಿನೀರು ಹೊರಟು, ಪೆಟ್ಟಿಗೆಯೊಂದರಲ್ಲಿರುವ ಕಿರು ರೇಡಿಯೇಟರನ್ನು ಹಾದು, ಪಂಪಿನ ಹೀರುವ ಬದಿಗೆ ಹಿಂದಿರುಗುತ್ತದೆ. ಪಂಪು ತಳ್ಳುವ ಬದಿಯಲ್ಲಿ ಒತ್ತಡ ಹೆಚ್ಚು, ಹೀರುವ ಬದಿಯಲ್ಲಿ ಕಡಿಮೆ. ನೀರು ಹರಿಯಲು ಈ ವ್ಯತ್ಯಾಸವೇ ಸಾಕು. ಈ ದಾರಿಯಲ್ಲಿ ಥರ್ಮೊಸ್ಟಾಟ್ ಇಲ್ಲ. ಆದ್ದರಿಂದಲೇ ರೇಡಿಯೇಟರ್ ಇನ್ನೂ ತಣ್ಣಗಿರುವಾಗಲೇ ಕಾರಿನೊಳಗೆ ಬೆಚ್ಚನೆಯ ಗಾಳಿ ಬರತೊಡಗುತ್ತದೆ.

ಹಳೆಯ ಚಾಲಕರ ಒಂದು ಉಪಾಯ ಇಲ್ಲಿಂದಲೇ ಹುಟ್ಟಿದ್ದು. ಏರುದಾರಿಯಲ್ಲಿ ಉಷ್ಣತೆಯ ಮುಳ್ಳು ಮೇಲೇರಿದರೆ, ಬೇಸಿಗೆಯಾದರೂ ಸರಿ, ಹೀಟರನ್ನು ಪೂರ್ತಿ ತೆರೆದು ಫ್ಯಾನ್ ಹಾಕುತ್ತಾರೆ. ಎಂಜಿನ್ನಿಗೆ ಇನ್ನೊಂದು ಪುಟ್ಟ ರೇಡಿಯೇಟರ್ ಸಿಕ್ಕಂತಾಗುತ್ತದೆ! ಕುಳಿತವರು ಬೆವರುತ್ತಾರೆ, ಎಂಜಿನ್ ಉಳಿಯುತ್ತದೆ. ಆದರೆ ನೀರೇ ಸೋರಿಹೋಗಿದ್ದರೆ ಈ ಉಪಾಯ ನಡೆಯದು, ಕಾರನ್ನು ನಿಲ್ಲಿಸಲೇಬೇಕು.

ನಿಲ್ಲಿಸಿದೊಡನೆ ಅನೇಕರು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುತ್ತಾರೆ. ಅಪಾಯ ಇರುವುದು ಅಲ್ಲಿಯೇ. ಪ್ರೆಷರ್ ಕುಕ್ಕರಿನಂತೆ ಈ ಮುಚ್ಚಳವೂ ಒಳಗೆ ಒತ್ತಡವನ್ನು ಹಿಡಿದಿಡುತ್ತದೆ. ವಾತಾವರಣದ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 111 ಡಿಗ್ರಿಯಲ್ಲಿ. ಅಂದರೆ 105 ಡಿಗ್ರಿಯ ನೀರೂ ಒಳಗೆ ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ನೀರು ಒಮ್ಮೆಲೇ ಕುದಿದು ಆವಿಯೊಡನೆ ಮುಖಕ್ಕೆ ಚಿಮ್ಮುತ್ತದೆ. ಕಾರು ಹಳೆಯದಿರಲಿ, ಹೊಸದಿರಲಿ, ನಿಯಮ ಒಂದೇ.

ಕುಕ್ಕರಿನ ಒತ್ತಡ ಇಳಿಯುವ ಮೊದಲು ಅಮ್ಮ ಮುಚ್ಚಳ ತೆಗೆಯುವುದಿಲ್ಲ. ಎಂಜಿನ್ ಪೂರ್ತಿ ತಣಿಯುವವರೆಗೆ ಅಪ್ಪನೂ ಕಾಯಲಿ. ಅವಸರಪಟ್ಟರೆ ಮಕ್ಕಳು ಕಾರಣ ಹೇಳಿ ತಡೆಯಲಿ.