ಕುರುಹಿನಲ್ಲಿ ಮರೆಯಾದ ಚಕ್ರ

ಕುರುಹು ಅರಿವಿಗೆ ದಾರಿಯಾಗಬೇಕು. ಅರಿವನ್ನು ಮುಚ್ಚುವ ತೆರೆಯಾಗಬಾರದು. ಸ್ಮಾರಕವೊಂದು ಚಿತ್ರವಾಗಿ, ಶಿಲ್ಪವಾಗಿ ಮತ್ತೆ ರೂಪುಗೊಳ್ಳುವಾಗ ಈ ಎಚ್ಚರ ಅತ್ಯಗತ್ಯ. ಕಲಾವಿದನ ಕೈ ಉಳಿಸಿಕೊಂಡದ್ದೂ ಬಿಟ್ಟದ್ದೂ ಪ್ರಭುತ್ವದ ನುಡಿಯಾಗಿ ಪರಿಣಮಿಸುತ್ತದೆ. ಸಾರನಾಥದ ಅಶೋಕಸ್ತಂಭವೇ ಇದಕ್ಕೆ ಸಾಕ್ಷಿ.

ಬುದ್ಧನು ಮೊದಲ ಉಪದೇಶ ನೀಡಿದ ಆ ನೆಲದಲ್ಲಿ ಕ್ರಿ.ಪೂ. 3ನೆಯ ಶತಮಾನದಲ್ಲಿ ನಿಂತ ಸ್ತಂಭದ ಸಿಂಹಶಿರವು 1904-05ರ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಿಂಹಗಳು ತಮ್ಮ ಮೇಲೆ ದೊಡ್ಡದೊಂದು ಧರ್ಮಚಕ್ರವನ್ನು ಹೊತ್ತಿದ್ದವು. ಆ ಚಕ್ರ ಒಡೆದು ಚೂರುಗಳು ಮಾತ್ರ ದೊರೆತವು. 1950ರ ಜನವರಿ 26ರಂದು ಈ ಶಿಲ್ಪವು ರಾಷ್ಟ್ರಲಾಂಛನವಾದಾಗ ಚಿತ್ರದಲ್ಲಿ ಮೂರು ಸಿಂಹಗಳು ಕಂಡವು; ನಾಲ್ಕನೆಯದು ಹಿಂದೆ ಮರೆಯಾಯಿತು. ಕೆಳಗಿನ ಕಮಲವನ್ನು ಬಿಡಲಾಯಿತು. ಸಿಂಹಗಳ ಕಾಲಡಿಯ ಫಲಕದ ಕಿರುಚಕ್ರ ಉಳಿಯಿತು. ಮೇಲಿನ ಮಹಾಚಕ್ರ ಬರಲಿಲ್ಲ.

2022ರ ಜುಲೈ 11ರಂದು ದೆಹಲಿಯ ಹೊಸ ಸಂಸತ್ ಭವನದ ಮೇಲೆ 6.5 ಮೀಟರ್ ಎತ್ತರದ, 9500 ಕಿಲೋ ತೂಕದ ಕಂಚಿನ ಲಾಂಛನ ಅನಾವರಣಗೊಂಡಿತು. ಮೂಲದ ಪ್ರಶಾಂತ ಸಿಂಹಗಳು ಇಲ್ಲಿ ಉಗ್ರವಾಗಿವೆ ಎಂದು ವಿರೋಧ ಪಕ್ಷಗಳವರು ಆಕ್ಷೇಪಿಸಿದರು. ಗಾತ್ರ ಮತ್ತು ನೋಡುವ ಕೋನದಿಂದ ಹಾಗೆ ತೋರುತ್ತದೆ ಎಂದು ಸರ್ಕಾರದ ಕಡೆಯವರು ಉತ್ತರಿಸಿದರು. ಸಿಂಹದ ಹಲ್ಲನ್ನು ಅಳೆಯುವ ಈ ವಾದದಲ್ಲಿ ಅದು ಹೊತ್ತಿದ್ದ ಭಾರದ ನೆನಪು ಮಸುಕಾಯಿತು.

ಸಿಂಹವೆಂದರೆ ಬಲ, ಚಕ್ರವೆಂದರೆ ಧರ್ಮ. ಮೂಲ ಶಿಲ್ಪದಲ್ಲಿ ಬಲವು ಧರ್ಮವನ್ನು ತಲೆಯ ಮೇಲೆ ಹೊತ್ತಿತ್ತು. ಕಳಿಂಗದ ಹತ್ಯೆಗಾಗಿ ತನಗಾದ ಪಶ್ಚಾತ್ತಾಪವನ್ನು ಬಂಡೆಯ ಮೇಲೆ ಬರೆಸಿದ ಅರಸನಿಗೆ ಈ ಕ್ರಮ ಒಪ್ಪುವಂಥದು. ಒಡೆದ ಚಕ್ರವನ್ನು ಬರೆಯುವುದು ಹೇಗೆ ಎಂದು ಕೇಳಬಹುದು. ಆ ಮಾತು ನ್ಯಾಯವೇ. ಉಳಿದದ್ದನ್ನು ಉಳಿದಂತೆಯೇ ಚಿತ್ರಿಸಿದವರಲ್ಲಿ ದೋಷವಿಲ್ಲ. ಆದರೆ ಇಲ್ಲದುದನ್ನು ಮರೆತರೆ, ಸಿಂಹವೇ ಎಲ್ಲಕ್ಕೂ ಮೇಲಿನದೆಂಬ ಭ್ರಮೆ ಬೆಳೆಯುತ್ತದೆ.

ಈ ಲಾಂಛನ ಸಂಸತ್ತಿನ ಮೇಲಷ್ಟೇ ಇಲ್ಲ. ನೋಟಿನ ಮೇಲಿದೆ, ಪಾಸ್‌ಪೋರ್ಟಿನ ಮೇಲಿದೆ, ಸರ್ಕಾರಿ ಆದೇಶದ ನೆತ್ತಿಯ ಮೇಲಿದೆ. ಅದನ್ನು ಕಂಡ ಬಡವನ ಎದೆಯಲ್ಲಿ ಹುಟ್ಟುವುದು ಭಯವೋ ಅಭಯವೋ ಎಂಬುದೇ ಅದರ ನಿಜವಾದ ಪರೀಕ್ಷೆ. ಶಿಲ್ಪಿ ಚಕ್ರವನ್ನು ಮರಳಿ ಕೆತ್ತಲಾರ. ಆಳುವವರ ನಡೆ ಅದನ್ನು ಮರಳಿ ತರಬಲ್ಲದು.