ಅರ್ಧಕ್ಕೆ ಮುಚ್ಚಿಟ್ಟ ಕಾದಂಬರಿ

ಕುಣಿಗಲ್‌ನ ನಮ್ಮ ಹಳೆಯ ಮನೆಯ ಗೋಡೆಗೂಡಿನಲ್ಲಿ ಎರಡು ದಪ್ಪ ಉರ್ದು ಪುಸ್ತಕಗಳಿದ್ದವು. ನಸೀಮ್ ಹಿಜಾಝಿಯವರ ‘ಮುಅಝ್ಝಮ್ ಅಲಿ’ ಮತ್ತು ಅದರ ಮುಂದುವರಿಕೆಯಾದ ‘ಔರ್ ತಲ್ವಾರ್ ಟೂಟ್ ಗಯೀ’. ಇಶಾ ನಮಾಝಿನ ನಂತರ ಅಬ್ಬಾ ಅವುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಶ್ರೀರಂಗಪಟ್ಟಣದ ಪತನದ ಭಾಗ ಬಂದಾಗ ಅವರ ಕಂಠ ಬಿಗಿಯುತ್ತಿತ್ತು. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಇದನ್ನು ಓದದವನಿಗೆ ತನ್ನ ಹಿರಿಯರು ಯಾರೆಂದೇ ತಿಳಿಯದು, ಬೇಟಾ” ಎಂದು ಅಬ್ಬಾ ಹೇಳುತ್ತಿದ್ದರು.

ಅಬ್ಬಾ ಇಂದಿಲ್ಲ, ಅಲ್ಲಾಹನು ಅವರಿಗೆ ಮಗ್ಫಿರತ್ ದಯಪಾಲಿಸಲಿ. ಕಳೆದ ರಮಝಾನಿನಲ್ಲಿ ಆ ಪುಸ್ತಕಗಳನ್ನು ತುಮಕೂರಿನ ಮನೆಗೆ ತಂದೆ. ಒಂಬತ್ತನೆಯ ತರಗತಿಯ ನನ್ನ ಮಗನಿಗೆ ಪ್ರತಿರಾತ್ರಿ ಓದಿ, ಕನ್ನಡದಲ್ಲಿ ವಿವರಿಸಬೇಕೆಂಬುದು ನನ್ನ ಸಂಕಲ್ಪವಾಗಿತ್ತು. ಆದರೆ ಎರಡನೆಯ ಪುಸ್ತಕದ ನಡುವೆಯೇ ನಾನು ಓದು ನಿಲ್ಲಿಸಿದೆ. ಏಕೆ ನಿಲ್ಲಿಸಿದೆನೆಂಬುದನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಏಕೆಂದರೆ ಈ ಪುಸ್ತಕಗಳು ಇಂದಿಗೂ ನಮ್ಮ ಅನೇಕ ಮನೆಗಳಲ್ಲಿವೆ.

1914ರಲ್ಲಿ ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯಲ್ಲಿ ಹುಟ್ಟಿ, 1996ರಲ್ಲಿ ಪಾಕಿಸ್ತಾನದಲ್ಲಿ ನಿಧನರಾದ ಹಿಜಾಝಿ ಉರ್ದುವಿನ ಅತ್ಯಂತ ಜನಪ್ರಿಯ ಐತಿಹಾಸಿಕ ಕಾದಂಬರಿಕಾರರಲ್ಲೊಬ್ಬರು. ಅವರ ಭಾಷೆಯಲ್ಲಿ ಓಟವಿದೆ, ಯುದ್ಧವರ್ಣನೆಯಲ್ಲಿ ಬಿಸಿಯಿದೆ. ಬಂಗಾಳದಿಂದ ಮೈಸೂರಿನವರೆಗೆ ಹಬ್ಬಿದ ಕಥೆಯನ್ನು ಕಟ್ಟುವ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾನು ಓದಿದಷ್ಟರಲ್ಲಿ ನಾಯಕರು ಎಡವಲಿಲ್ಲ, ಸಂಶಯಪಡಲಿಲ್ಲ, ತಮ್ಮ ತಪ್ಪಿಗಾಗಿ ರಾತ್ರಿ ಎಚ್ಚರವಿರಲಿಲ್ಲ. ಶತ್ರು ಕುಟಿಲ, ನಮ್ಮವನು ಶುದ್ಧ. ನಮ್ಮವನು ಸೋತರೆ ಅದಕ್ಕೆ ದ್ರೋಹಿಯೊಬ್ಬ ಕಾರಣ. ನೂರು ಪುಟಗಳ ನಂತರವೂ ಮನುಷ್ಯರು ಸಿಗಲಿಲ್ಲ, ಪ್ರತಿಮೆಗಳೇ ಸಿಕ್ಕವು.

ನಾನು ಕೆಲಸ ಮಾಡುವ ಗುಬ್ಬಿಯು ನಾಟಕದ ಊರು. ಗುಬ್ಬಿ ಕಂಪನಿಯ ರಾಜ ಬೆಳಗಾಗುವಷ್ಟರಲ್ಲಿ ಬಣ್ಣ ತೊಳೆದುಕೊಳ್ಳುತ್ತಾನೆಂಬುದು ಪ್ರೇಕ್ಷಕರಿಗೆ ಗೊತ್ತಿತ್ತು. ಕಾದಂಬರಿಯ ರಾಜನಿಗೆ ಹಚ್ಚಿದ ಬಣ್ಣ ಮಾತ್ರ ಓದುಗನ ಮನಸ್ಸಿನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಒಂದು ರಾತ್ರಿ ಮಗ ಕೇಳಿದ: “ಅಬ್ಬಾ, ಹಾಗಾದರೆ ನಮ್ಮ ಕ್ಲಾಸಿನ ಹುಡುಗರೆಲ್ಲ ಯಾರ ಕಡೆಯವರು?” ನಾನು ಪುಸ್ತಕ ಮುಚ್ಚಿದ್ದು ಆ ಪ್ರಶ್ನೆ ಕೇಳಿದ ಮೇಲೆ.

ನಿಜವಾದ ಟಿಪ್ಪು ಇದಕ್ಕಿಂತ ಎಷ್ಟೋ ದೊಡ್ಡವನು, ಎಷ್ಟೋ ಜಟಿಲ. ತನಗೆ ಬಿದ್ದ 37 ಕನಸುಗಳನ್ನು ಅವನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದ. ಆ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1791ರಲ್ಲಿ ಮರಾಠಾ ಸೇನೆಯೊಂದಿಗೆ ಬಂದ ದಾಳಿಕೋರರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅವನು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳುಹಿಸಿದ. 1916ರಲ್ಲಿ ಆರ್. ನರಸಿಂಹಾಚಾರ್ ಆ ಪತ್ರಗಳನ್ನು ಬೆಳಕಿಗೆ ತಂದರು. ಅವನ ಆಡಳಿತದಲ್ಲಿ ಪೂರ್ಣಯ್ಯ ಕೊನೆಯವರೆಗೂ ಇದ್ದರು. ಇನ್ನೊಂದೆಡೆ ಕೊಡಗು ಮತ್ತು ಮಲಬಾರಿನಲ್ಲಿ ಅವನ ಸೇನೆ ನಡೆಸಿದ ಬಂಧನ, ಗಡಿಪಾರುಗಳನ್ನೂ ಇತಿಹಾಸ ದಾಖಲಿಸಿದೆ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಾಗಲೇ ಮೈಸೂರಿನ ಬಲ ಕುಸಿದಿತ್ತು. 1799ರಲ್ಲಿ ಅವನ ವಿರುದ್ಧ ಇಂಗ್ಲಿಷರೊಂದಿಗೆ ಹೈದರಾಬಾದಿನ ನಿಝಾಮನ ಸೇನೆಯೂ ಬಂದಿತ್ತು. ಇಷ್ಟನ್ನೆಲ್ಲ ಬದಿಗಿರಿಸಿ ಮೀರ್ ಸಾದಿಕ್‌ನೊಬ್ಬನ ಹೆಸರು ಹೇಳಿ ಕಣ್ಣೀರು ಹಾಕಿದರೆ ಸೋಲಿನಿಂದ ನಾವು ಕಲಿಯುವುದಾದರೂ ಏನನ್ನು?

2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಪ್ರಕಟವಾದಾಗ ನಮ್ಮಲ್ಲನೇಕರು ನೊಂದೆವು. ಒಂದು ಸಮುದಾಯದ ಶತಮಾನಗಳ ಬದುಕನ್ನು ಒಂದೇ ಬಣ್ಣದಲ್ಲಿ ಬರೆಯಲಾಗಿದೆ ಎಂದು ನಾನೂ ಆಕ್ಷೇಪಿಸಿದ್ದೆ. ಆ ಆಕ್ಷೇಪವನ್ನು ಇಂದಿಗೂ ಹಿಂದೆಗೆಯುವುದಿಲ್ಲ. ಆದರೆ ಅಳತೆಗೋಲು ಒಂದೇ ಇರಬೇಕಲ್ಲವೇ? ಕಪ್ಪು ಬಣ್ಣ ಬಳಿದಾಗ ಅದು ಅನ್ಯಾಯವಾಗುವುದಾದರೆ ನಮ್ಮ ಕಪಾಟಿನ ಪುಸ್ತಕ ಬಿಳಿ ಬಣ್ಣವನ್ನೇ ಬಳಿದಾಗ ಅದು ಸತ್ಯವಾಗುವುದು ಹೇಗೆ?

ಸಾಕ್ಷ್ಯವು ನಿಮ್ಮ ವಿರುದ್ಧ, ನಿಮ್ಮ ಹೆತ್ತವರ ವಿರುದ್ಧ, ನಿಮ್ಮ ಬಂಧುಗಳ ವಿರುದ್ಧವೇ ಆದರೂ ನ್ಯಾಯದಲ್ಲಿ ಸ್ಥಿರರಾಗಿರಿ ಎಂಬುದು ಸೂರಃ ಅನ್ನಿಸಾದ 135ನೇ ಸೂಕ್ತದ ಆದೇಶ. ಕುರ್‌ಆನ್ ಕಥೆ ಹೇಳುವ ರೀತಿಯನ್ನೇ ಗಮನಿಸಿರಿ. ಅತ್ಯುತ್ತಮ ವೃತ್ತಾಂತವೆಂದು ಕರೆಯಲ್ಪಟ್ಟ ಸೂರಃ ಯೂಸುಫ್‌ನಲ್ಲಿ ತಮ್ಮನನ್ನು ಬಾವಿಗೆ ತಳ್ಳಿದವರು ಪ್ರವಾದಿಯೊಬ್ಬರ ಮಕ್ಕಳೇ. ಅವರ ಅಸೂಯೆಯನ್ನೂ ಸುಳ್ಳನ್ನೂ ಅಲ್ಲಾಹನು ಮರೆಮಾಚಲಿಲ್ಲ. ಅವರ ಪಶ್ಚಾತ್ತಾಪವನ್ನೂ ಮರೆಸಲಿಲ್ಲ. ಅದು ಕಟ್ಟುಕಥೆಯಲ್ಲ, ಬುದ್ಧಿಯುಳ್ಳವರಿಗೆ ಪಾಠ ಎಂದು ಆ ಸೂರಃ ಮುಗಿಯುತ್ತದೆ. ತಪ್ಪನ್ನು ಮುಚ್ಚಿಟ್ಟ ಕಥೆಯಲ್ಲಿ ಪಾಠಕ್ಕೆ ಜಾಗವೆಲ್ಲಿ?

ಆರಂಭಿಸಿದ ಗ್ರಂಥವನ್ನು ಅರ್ಧಕ್ಕೆ ಬಿಡುವುದು ಅದಬ್ ಅಲ್ಲವೆಂದು ಮದ್ರಸಾದಲ್ಲಿ ಕಲಿತವನು ನಾನು. ಕೆಲವು ದಿನ ಅಳುಕಿದೆ. ಅಬ್ಬಾರಿಗೆ ಮಾಡಿದ ಅವಿಧೇಯತೆಯೇ ಇದು ಎಂದೂ ಅನಿಸಿತು. ಆದರೆ ಅಬ್ಬಾ ಪ್ರೀತಿಸಿದ್ದು ಆ ಪುಟಗಳನ್ನಲ್ಲ; ತನ್ನ ಮಗ ತಲೆತಗ್ಗಿಸದೆ ಬದುಕಬೇಕೆಂಬ ಆಸೆಯನ್ನು. ಆ ಆಸೆಯನ್ನು ನಾನು ಬಿಟ್ಟಿಲ್ಲ. ತನಗೆ ಪ್ರಯೋಜನವಿಲ್ಲದ್ದನ್ನು ತೊರೆಯುವುದು ವ್ಯಕ್ತಿಯ ಇಸ್ಲಾಮಿನ ಸೌಂದರ್ಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ.

ಈದ್‌ಗೆ ಕುಣಿಗಲ್‌ಗೆ ಹೋದಾಗ ಪುಸ್ತಕಗಳನ್ನು ಮತ್ತೆ ಅದೇ ಗೂಡಿನಲ್ಲಿಟ್ಟೆ. ಎಸೆಯಲಿಲ್ಲ, ಅವು ಅಬ್ಬಾರ ಕೈ ಸವೆಸಿದ ಪುಸ್ತಕಗಳು. ಆಮೇಲೆ ಮಗನನ್ನು ಕರೆದುಕೊಂಡು ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂನ ಕಡೆಗೆ ನಡೆದೆ. ದಾರಿಯುದ್ದಕ್ಕೂ ಅವನಿಗೆ ಶೃಂಗೇರಿಯ ಪತ್ರಗಳ ವಿಷಯ ಹೇಳಿದೆ. ಕೊಡಗಿನ ವಿಷಯವನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಇದನ್ನು ನಮ್ಮ ಕ್ಲಾಸಿನಲ್ಲಿಯೂ ಹೇಳಬಹುದಾ, ಅಬ್ಬಾ?” ಎಂದ. ಹೇಳಬಹುದು ಎಂದೆ. ಎಲ್ಲರ ಮುಂದೆ ಹೇಳಬಹುದಾದ ಇತಿಹಾಸವನ್ನೇ ನಮ್ಮ ಮಕ್ಕಳಿಗೆ ಮನೆಯೊಳಗೂ ಹೇಳೋಣ.